ವಿಟಮಿನ್ ಡಬ್ಬಿ ನಂಬಿ ಲಿಥಿಯಂ ಬಿಡಿಸಬೇಡಿ

ನನ್ನ ತಮ್ಮನಿಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಕೆಲವೊಮ್ಮೆ ವಿಪರೀತ ಏರುವ, ಕೆಲವೊಮ್ಮೆ ತೀರಾ ಕುಗ್ಗುವ ಕಾಯಿಲೆ. ಅದಕ್ಕೆ ಆರು ವರ್ಷದಿಂದ ಲಿಥಿಯಂ ಮಾತ್ರೆ ತೆಗೆದುಕೊಂಡು ಚೆನ್ನಾಗಿಯೇ ಇದ್ದ. ಕೈ ನಡುಗುತ್ತೆ ಅನ್ನುವುದೊಂದೇ ಅವನ ಗೋಳು. ಹೋದ ವರ್ಷ ಪರಿಚಯದವರೊಬ್ಬರು ವಿಟಮಿನ್ ಡಬ್ಬಿ ತಂದರು. ಬಿ ಕಾಂಪ್ಲೆಕ್ಸ್, ಫೋಲಿಕ್ ಆಸಿಡ್, ಮೆಗ್ನೀಷಿಯಂ, ಇನ್ನೂ ಏನೇನೋ. ಮೇನಿಯಾಗೆ, ಅಂದರೆ ಮನಸ್ಸು ವಿಪರೀತ ಏರುವ ಸ್ಥಿತಿಗೆ, ಫೋಲಿಕ್ ಆಸಿಡ್ ಒಳ್ಳೆಯದು ಅಂತ ಅಧ್ಯಯನವೇ ಆಗಿದೆ ಎಂದು ಮೊಬೈಲಿನಲ್ಲಿ ತೋರಿಸಿದರು. ಮೊದಲು ಮಾತ್ರೆ ಜೊತೆಗೆ ತಗೊಳ್ಳಿ, ಆಮೇಲೆ ಮಾತ್ರೆ ಕಡಿಮೆ ಮಾಡ್ತಾ ಬನ್ನಿ ಅಂದರು. ದುಡ್ಡು ಕೊಟ್ಟವಳು ನಾನೇ. ವಿಟಮಿನ್ ತಾನೇ, ಏನಾಗುತ್ತೆ ಅಂತ ಡಾಕ್ಟರಿಗೆ ಹೇಳಲಿಲ್ಲ.

ಒಂದು ತಿಂಗಳಿಗೆ ತಮ್ಮ ಬೇರೆಯೇ ಮನುಷ್ಯನಾದ. ಬೆಳಗಿನ ಜಾವ ಎದ್ದು ಅಂಗಳ ಗುಡಿಸುತ್ತಿದ್ದ, ಹಳೇ ಸ್ನೇಹಿತರಿಗೆಲ್ಲ ಫೋನ್ ಮಾಡುತ್ತಿದ್ದ, ನಗುನಗುತ್ತಾ ಇದ್ದ. ಅಮ್ಮ ಖುಷಿಯಿಂದ ನೆಂಟರಿಗೆಲ್ಲ ಹೇಳಿಕೊಂಡರು. ನಾನು ಇನ್ನೆರಡು ಡಬ್ಬಿ ತರಿಸಿದೆ. ದಯವಿಟ್ಟು ಇದೊಂದನ್ನು ನೆನಪಿಡಿ, ಅದು ವಿಟಮಿನ್ ಕೊಟ್ಟ ಚುರುಕಲ್ಲ, ಮೇನಿಯಾ ಏರುತ್ತಿತ್ತು. ಅಷ್ಟರಲ್ಲಿ ಅವನು ಲಿಥಿಯಂ ಪೂರ್ತಿ ಬಿಟ್ಟಿದ್ದ. ಆಮೇಲೆ ನಿದ್ದೆ ಎರಡು ಗಂಟೆಗೆ ಇಳಿಯಿತು, ಮಾತು ನಿಲ್ಲಲೇ ಇಲ್ಲ, ಹೆಂಡತಿಯ ಒಡವೆ ಅಡವಿಟ್ಟು ಕೋಳಿ ಫಾರಂಗೆ ಅಡ್ವಾನ್ಸ್ ಕೊಟ್ಟ, ಬೇಡ ಅಂದ ಅಪ್ಪನ ಮೇಲೆ ಕೈ ಎತ್ತಿದ. ಮೂರು ವಾರ ಆಸ್ಪತ್ರೆಯಲ್ಲಿದ್ದ.

ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು. ಅವನ ರಕ್ತದಲ್ಲಿ ಇರಲೇ ಇಲ್ಲ. ಡಾಕ್ಟರ್ ಡಬ್ಬಿಯ ಲೇಬಲ್ ಓದಿದರು. ಕೊನೇ ಸಾಲಿನಲ್ಲಿ ಸ್ಯಾಮ್-ಇ ಅಂತ ಇತ್ತು. ಮನಸ್ಸು ಕುಗ್ಗಿದವರಿಗೆ ಅಂತ ಮಾರುವ ಈ ಸ್ಯಾಮ್-ಇ, ಹಾಗೆಯೇ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ, ಬೈಪೋಲಾರ್ ಇರುವವರಲ್ಲಿ ಮೇನಿಯಾ ಕೆರಳಿಸಬಹುದಂತೆ. ನಾವು ಆ ಸಾಲು ಓದಿಯೇ ಇರಲಿಲ್ಲ.

ಡಬ್ಬಿ ತಂದವರು ತೋರಿಸಿದ್ದ ಅಧ್ಯಯನ ಸುಳ್ಳಲ್ಲ. 2009ರಲ್ಲಿ ಇರಾನಿನಲ್ಲಿ ನಡೆದದ್ದು. ಆದರೆ ಇದ್ದದ್ದು 88 ಜನ, ನೋಡಿದ್ದು ಮೂರು ವಾರ, ಮತ್ತು ಎಲ್ಲರಿಗೂ ಮೇನಿಯಾಗೆ ಕೊಡುವ ವಾಲ್ಪ್ರೊಯೇಟ್ ಮಾತ್ರೆ ಕೊಟ್ಟೇ ಇದ್ದರು. ಮಾತ್ರೆ ಬಿಡಿಸಿ ಯಾರಿಗೂ ಫೋಲಿಕ್ ಆಸಿಡ್ ಕೊಟ್ಟಿರಲಿಲ್ಲ. ಇನ್ನು 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಬೈಪೋಲಾರ್ ಖಿನ್ನತೆ ಇದ್ದವರಿಗೆ ಲ್ಯಾಮೋಟ್ರಿಜಿನ್ ಅನ್ನುವ ಮಾತ್ರೆ ಮಾಡುತ್ತಿದ್ದ ಗುಣವನ್ನೇ ಇದೇ ಫೋಲಿಕ್ ಆಸಿಡ್ ತಗ್ಗಿಸಿದ ಹಾಗೆ ಕಂಡಿತ್ತು. 'ಜೊತೆಗೆ' ತಗೊಂಡರೂ ಡಾಕ್ಟರಿಗೆ ಹೇಳಲೇಬೇಕು ಅನ್ನುವುದು ಇದಕ್ಕೇ. ರಕ್ತ ಪರೀಕ್ಷೆಯಲ್ಲಿ ಬಿ12 ಕಮ್ಮಿ ಅಂತ ಬಂದು ಅವರೇ ಬರೆದುಕೊಟ್ಟರೆ ಅದು ಬೇರೆ ಮಾತು.

ಮನೆಯಲ್ಲಿ ಯಾರಾದರೂ ಮಾತ್ರೆ ಬಿಟ್ಟಿದ್ದರೆ, ನಿದ್ದೆ ಕಡಿಮೆಯಾಗಿಯೂ ಸುಸ್ತೇ ಕಾಣದಿದ್ದರೆ, ಕಾಯಬೇಡಿ. ಹಳೇ ಡೋಸನ್ನು ನೀವೇ ಸುಮ್ನೆ ಶುರು ಮಾಡಲೂ ಬೇಡಿ. ಡಾಕ್ಟರ್ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ತಮ್ಮನಿಗೆ ಮತ್ತೆ ಲಿಥಿಯಂ ಶುರುವಾಗಿದೆ. ಈ ಸಲ ಕೈ ನಡುಕದ ವಿಷಯ ಹೇಳಿದಾಗ ಡಾಕ್ಟರ್ ಲೆವೆಲ್ ನೋಡಿ ಡೋಸ್ ಸ್ವಲ್ಪ ಇಳಿಸಿದರು. ನಡುಕ ಎಷ್ಟೋ ಕಡಿಮೆಯಾಯಿತು. ಆರು ವರ್ಷದಲ್ಲಿ ನಾವು ಒಮ್ಮೆಯೂ ಅದನ್ನು ಅವರ ಹತ್ತಿರ ಹೇಳಿರಲಿಲ್ಲ.