ಗುಂಯ್‌ಗುಡುವ ಹಳೆಯದು, ಸಂಖ್ಯೆ ತೋರಿಸುವ ಹೊಸದು

ಕೋಲಾರ ಜಿಲ್ಲೆಯ ಮಾಲೂರು ಕೈಗಾರಿಕಾ ಪ್ರದೇಶದ ನಮ್ಮ ಗೋದಾಮಿನಲ್ಲಿ ಸರಕು ಎತ್ತಿ ಸಾಗಿಸುವ, ಬ್ಯಾಟರಿಯ ಐದು ಫೋರ್ಕ್‌ಲಿಫ್ಟ್‌ಗಳಿವೆ. ಅವುಗಳ ಹೊಟ್ಟೆ ತುಂಬಿಸುವ ಚಾರ್ಜರ್‌ಗಳಲ್ಲಿ ಎರಡು ಜಾತಿ. ಒಂದು, ಇಬ್ಬರು ಸೇರಿದರೂ ಕದಲದ ಟ್ರಾನ್ಸ್‌ಫಾರ್ಮರ್ ಹೊತ್ತ ಹಳೆಯ ಫೆರೋರೆಸೊನೆಂಟ್, ಅಂದರೆ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಸೇರಿ ಕರೆಂಟನ್ನು ಹತೋಟಿಯಲ್ಲಿಡುವ ಬಗೆ. ಇನ್ನೊಂದು, ಸೂಟ್‌ಕೇಸಿನಷ್ಟು ಗಾತ್ರದ, ಗೋಡೆಗೆ ನೇತುಹಾಕಿದ, ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ ಹೈ ಫ್ರೀಕ್ವೆನ್ಸಿ. ಎರಡೂ ತುಂಬುವುದು ಒಂದೇ ಬಗೆಯ ಬ್ಯಾಟರಿಯನ್ನು: 24 ಸೆಲ್, 48 ವೋಲ್ಟ್, ಸೀಸ-ಆಮ್ಲದ್ದು. ಕೊಳ್ಳುವವರು ವಿದ್ಯುತ್ ಬಿಲ್ ನೋಡಿ ಕೊಳ್ಳುತ್ತಾರೆ. ರಾತ್ರಿ ಪಾಳಿಯಲ್ಲಿ ಕೆಟ್ಟು ನಿಂತಾಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುವವನು ನಾನು. ಹಾಗಾಗಿ ನಾನು ನೋಡುವುದು ದೋಷ ಎಷ್ಟು ಬೇಗ ಕೈಗೆ ಸಿಗುತ್ತದೆ ಎಂಬುದನ್ನು.

ಹಳೆಯದರ ದೋಷ ಮೊದಲು ಕಿವಿಗೆ ಸಿಗುತ್ತದೆ. ನೆಟ್ಟಗಿದ್ದಾಗ ಅದರದು ತಂಬೂರಿಯಂತೆ ಒಂದೇ ಶ್ರುತಿ. ಕಳೆದ ಮಳೆಗಾಲದ ಒಂದು ರಾತ್ರಿ ಆ ಸದ್ದು ಒರಟಾಯಿತು; 60 ಆಂಪಿಯರ್ ತೋರಿಸಬೇಕಾದ ಮುಳ್ಳು 30ರ ಕೆಳಗೆ ನಿಂತಿತು. ಹೀಗೆ ಅರ್ಧಕ್ಕರ್ಧ ಇಳಿದರೆ ಮೊದಲ ಗುಮಾನಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮೇಲೆ, ಏಕೆಂದರೆ ಚಾರ್ಜರಿನಲ್ಲಿ ಅವು ಇರುವುದೇ ಎರಡು. ಒಂದು ಸತ್ತರೆ ಅಲೆಯ ಒಂದು ಮಗ್ಗುಲು ಮಾತ್ರ ಬ್ಯಾಟರಿಗೆ ತಲುಪುತ್ತದೆ. ಸ್ವಿಚ್ ಆರಿಸಿ, ಬ್ಯಾಟರಿಯ ಪ್ಲಗ್ ಕಳಚಿ, ಡಯೋಡಿನ ತಂತಿ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಮೊದಲನೆಯದು ಒಂದು ದಿಕ್ಕಿಗೆ 0.45 ವೋಲ್ಟ್ ತೋರಿಸಿತು, ತಿರುಗಿಸಿದರೆ ತಡೆಯಿತು, ಗಟ್ಟಿ ಜೀವ. ಎರಡನೆಯದು ಎರಡೂ ದಿಕ್ಕಿಗೆ ಬಾಯಿ ಮುಚ್ಚಿತ್ತು. ಹೊಸ ಡಯೋಡಿನ ಬುಡಕ್ಕೆ ಶಾಖ ಸಾಗಿಸುವ ಬಿಳಿ ಪೇಸ್ಟ್ ಸವರಿ, ತಿರುಪಿ ಕೂರಿಸಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ. ಡಯೋಡ್ ಶಾರ್ಟ್ ಆಗಿದ್ದರೆ ಇಷ್ಟೂ ಬೇಡ. ಫ್ಯೂಸ್ ಹಾರಿ ತಾನೇ ಹೇಳುತ್ತದೆ.

ಇನ್ನೊಮ್ಮೆ ಕರೆಂಟು ಅರ್ಧವಲ್ಲ, ಮೂರರಲ್ಲೊಂದು ಪಾಲು ಇಳಿದಿತ್ತು. ಮುಚ್ಚಳ ತೆಗೆದಾಗ ಮೂರು ಕೆಪಾಸಿಟರ್‌ಗಳಲ್ಲಿ ಒಂದು ಪೂರಿಯಂತೆ ಉಬ್ಬಿತ್ತು. ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಆ ಡಬ್ಬಿಗಳನ್ನು ಸ್ವಿಚ್ ಆರಿಸಿದ ಮೇಲೂ ನಂಬಬಾರದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡದೆ ನಾನು ಬೆರಳು ಇಡುವುದಿಲ್ಲ.

ಹೊಸದು ಮಾತನಾಡುತ್ತದೆ, ಆದರೆ ಅರ್ಧ ಮಾತು. ಒಂದು ಬೆಳಗ್ಗೆ ಚಾರ್ಜಿಂಗ್ ಶುರುವಾದ ಕೆಲವೇ ಕ್ಷಣಕ್ಕೆ ನಿಂತು ಪರದೆಯ ಮೇಲೆ ಒಂದು ಸಂಖ್ಯೆ ಮಿನುಗಿಸತೊಡಗಿತು. ಕೈಪಿಡಿಯಲ್ಲಿ ಆ ಸಂಖ್ಯೆಯ ಮುಂದೆ ಫೇಸ್ ದೋಷ ಎಂದಿತ್ತು, ಅಂದರೆ ಅದಕ್ಕೆ ಬರುವ ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಏನೋ ಕೊರತೆ. ಡಿಜಿಟಲ್ ಮೀಟರ್ ಇಟ್ಟರೆ ಮೂರು ಜೋಡಿಯೂ 410 ವೋಲ್ಟಿನ ಆಸುಪಾಸು. ಫೇಸ್ ಇದೆ, ಬೋರ್ಡೇ ಹೋಗಿದೆ ಎಂದು ತೀರ್ಮಾನಿಸಿ, ಬೋರ್ಡ್ ಬದಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿಯೂ ಬಿಟ್ಟೆ. ಬಂದ ಉತ್ತರ ಕೇಳಿ ಕುಡಿಯುತ್ತಿದ್ದ ಟೀ ಕಹಿಯಾಯಿತು.

ಪಕ್ಕದ ಹೆಂಚಿನ ಕಾರ್ಖಾನೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು, ನೂರು ವ್ಯಾಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಕಟ್ಟಿದ ಟೆಸ್ಟ್ ಲ್ಯಾಂಪ್ ತೆಗೆದರು. 415 ವೋಲ್ಟಿಗೆ ಒಂದೇ ಬಲ್ಬ್ ಹಿಡಿದರೆ ಸಿಡಿದುಹೋಗುತ್ತದೆ, ಅದಕ್ಕೇ ಎರಡು. ಆರ್ ಮತ್ತು ವೈ ನಡುವೆ ಎರಡೂ ಝಗ್ಗನೆ ಉರಿದವು. ಬಿ ಫೇಸಿಗೆ ಮುಟ್ಟಿಸಿದೊಡನೆ ಕೆಂಡದಷ್ಟು ಕೆಂಪಾಗಿ ಮಂಕಾದವು. ಹಿಂದಕ್ಕೆ ಹುಡುಕುತ್ತ ಹೋದರೆ, ಪ್ಯಾನಲ್ಲಿನ ಫ್ಯೂಸ್ ಕ್ಯಾರಿಯರಿನ ಒಂದು ಹಲ್ಲು ಸುಟ್ಟು ಕರಿ ಕಟ್ಟಿತ್ತು. ಮೀಟರ್ ಕೇಳುವ ಕರೆಂಟು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಆ ಕರಿಯ ಮೂಲಕವೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಂಡಿತು. ಬಲ್ಬ್ ಕೆಲಸ ಕೇಳಿತು, ಗುಟ್ಟು ಬಯಲಾಯಿತು. ಅಂದರೆ ಚಾರ್ಜರ್ ಹೇಳಿದ್ದು ನಿಜವೇ, ನಂಬದವನು ನಾನು. ಅಂದಿನಿಂದ ನನ್ನ ಚೀಲದಲ್ಲಿ ಮೀಟರಿನ ಪಕ್ಕ ಎರಡು ಬಲ್ಬುಗಳಿವೆ.

ಹೊಸದರ ಇನ್ನೊಂದು ಕಾಯಿಲೆ ನಮ್ಮ ಊರಿನದ್ದೇ. ಮಾಲೂರು ಎಂದರೆ ಹೆಂಚು, ಇಟ್ಟಿಗೆ. ಕೆಂಪು ಧೂಳು ಇಲ್ಲದ ಮೂಲೆ ಇಲ್ಲ. ಹಳೆಯದು ಫ್ಯಾನಿಲ್ಲದೆ ಬೆಚ್ಚಗೆ ಕುಳಿತಿರುತ್ತದೆ, ಧೂಳಿನ ಹಂಗಿಲ್ಲ. ಹೊಸದು ಫ್ಯಾನಿನಿಂದ ಉಸಿರಾಡುತ್ತದೆ. ಮೂರು ತಿಂಗಳಿಗೆ ಮೂಗು ಕಟ್ಟಿ, ಬಿಸಿ ಹೆಚ್ಚಾಯಿತೆಂದು ಮುನಿಸಿಕೊಳ್ಳುತ್ತದೆ. ಬ್ಲೋವರ್ ಹಿಡಿದರೆ ಸರಿಹೋಗುತ್ತದೆ. ಆದರೆ ಮುಚ್ಚಳ ತೆಗೆಯುವ ಮೊದಲು ಸಾಕಷ್ಟು ಹೊತ್ತು ಕಾಯಬೇಕು. 415 ವೋಲ್ಟ್ ಒಳಗೆ ಡಿಸಿಯಾಗಿ ಸುಮಾರು 585 ವೋಲ್ಟ್ ಆಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಅಲ್ಲೇ ಹೊಂಚು ಹಾಕಿರುತ್ತದೆ.

ಇಷ್ಟೆಲ್ಲ ಹೇಳಿದರೂ, ಚಾರ್ಜರ್ ಕೆಟ್ಟಿದೆ ಎಂದು ನನಗೆ ಬರುವ ದೂರುಗಳಲ್ಲಿ ಅರ್ಧ ಚಾರ್ಜರಿನವೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪ್ಲಗ್ಗಿನ ಸಂಪರ್ಕ ಸುಟ್ಟಿರುತ್ತದೆ, ಕೇಬಲ್ಲಿನ ತುದಿಯ ಲೋಹದ ಲಗ್ ಸಡಿಲವಾಗಿರುತ್ತದೆ, ಇಲ್ಲವೇ ಬ್ಯಾಟರಿಯೇ ಕೈಕೊಟ್ಟಿರುತ್ತದೆ. ಒಮ್ಮೆ ಡಿಸ್ಟಿಲ್ಡ್ ವಾಟರ್ ಮುಗಿದಿತ್ತೆಂದು ಹೊಸ ಹುಡುಗನೊಬ್ಬ ತಿಂಗಳಿಡೀ ಬೋರ್‌ವೆಲ್ ನೀರನ್ನೇ ಸುರಿದಿದ್ದ. ಸಾವಿರ ಅಡಿಯಿಂದ ಮೇಲೆ ಬಂದು ಪಾತ್ರೆಗೆ ಬಿಳಿ ಪದರ ಕಟ್ಟುವ ಕೋಲಾರದ ನೀರು! ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ, ಪೂರ್ತಿ ಚಾರ್ಜ್ ಆದಾಗ 1.280 ಇರಬೇಕಾದ ಕಡೆ ಹಲವು ಸೆಲ್‌ಗಳು 1.200 ದಾಟಲಿಲ್ಲ, ಒಂದಂತೂ 1.110ರಲ್ಲೇ ಕುಳಿತಿತ್ತು. ಹಳೆಯ ಚಾರ್ಜರ್ ಅದಕ್ಕೆ ರಾತ್ರಿಯೆಲ್ಲ ಕುರುಡಾಗಿ ಉಣಿಸಿತು. ಹೊಸದು ಸಮಯ ಮೀರಿತೆಂದು ನಿಲ್ಲಿಸಿತು. ಈ ಒಂದು ವಿಷಯದಲ್ಲಿ ಹೊಸದೇ ಜಾಣ.

ಹಳೆಯದರ ನಿಜವಾದ ಅಪಾಯವೂ ಇದೇ, ಸಾಕು ಎನ್ನಲು ಅದಕ್ಕೆ ಬರುವುದಿಲ್ಲ. ಅದನ್ನು ನಿಲ್ಲಿಸಬೇಕಾದ ಟೈಮರಿನ ಸಂಪರ್ಕ ಅಂಟಿಕೊಂಡಿದ್ದ ದಿನ ಬೆಳಗ್ಗೆ ಬಂದಾಗ ಬ್ಯಾಟರಿ ಕೈ ಇಡಲಾಗದಷ್ಟು ಕಾದಿತ್ತು, ಕೊಠಡಿಯ ತುಂಬ ಆಮ್ಲದ ಘಾಟು. ಅತಿಯಾಗಿ ಚಾರ್ಜ್ ಆದ ಬ್ಯಾಟರಿ ಜಲಜನಕ ಬಿಡುತ್ತದೆ; ಗಾಳಿಯಲ್ಲಿ ಅದು ಶೇಕಡಾ 4 ಆದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಲೈಟಿನ ಸ್ವಿಚ್ ಮುಟ್ಟದೆ, ಚಾರ್ಜರನ್ನೂ ಮುಟ್ಟದೆ, ಹೊರಗಿನ ಪ್ಯಾನಲ್ಲಿನಿಂದ ಸರಬರಾಜು ಕಡಿದು ಷಟರ್ ಎತ್ತಿ ಗಾಳಿ ಬಿಟ್ಟೆ.

ಹಾಗಿದ್ದರೂ ನಾನು ಅದನ್ನು ಹೊರಗೆ ಹಾಕಲು ಬಿಟ್ಟಿಲ್ಲ. ಹಬ್ಬದ ರಜೆಯಲ್ಲಿ ಒಂದು ಗಾಡಿಯ ದೀಪ ಉರಿದೇ ಇದ್ದು ಬ್ಯಾಟರಿ 30 ವೋಲ್ಟಿಗೆ ಇಳಿದಾಗ, ಹೊಸ ಚಾರ್ಜರ್ ಅದನ್ನು ಬ್ಯಾಟರಿಯೆಂದೇ ಒಪ್ಪಲಿಲ್ಲ. ಸೆಲ್‌ಗಳನ್ನು ಒಂದೊಂದಾಗಿ ಅಳೆದು, ಯಾವುದರ ಧನ-ಋಣವೂ ತಿರುಗುಮುರುಗಾಗಿಲ್ಲವೆಂದು ನೋಡಿಕೊಂಡು ಹಳೆಯದಕ್ಕೆ ಸಿಕ್ಕಿಸಿದೆ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಮುಳ್ಳು ನೋಡುತ್ತ ಕುಳಿತೆ. ವೋಲ್ಟೇಜ್ 46 ದಾಟಿದ ಮೇಲೆ ಹೊಸದಕ್ಕೆ ವರ್ಗಾಯಿಸಿದೆ. ಅದು ಏನೂ ಆಗದಂತೆ ಚಾರ್ಜಿಂಗ್ ಶುರು ಮಾಡಿತು.

ಖರ್ಚಿನ ಮಾತಿಗೆ ಬಂದರೆ ಹಳೆಯದು ಸೋಲುತ್ತದೆ. ಸಬ್ ಮೀಟರ್ ಹಾಕಿ ನೋಡಿದಾಗ, ಒಂದೇ ಬ್ಯಾಟರಿಯನ್ನು ತುಂಬಲು ಅದು 31 ಯೂನಿಟ್ ತಿಂದಿತು, ಹೊಸದು 26. ದಿನದ ಕೆಲಸವೆಲ್ಲ ಈಗ ಹೊಸದರ ಮೇಲೆಯೇ. ಹಳೆಯದು ಮೂಲೆಯಲ್ಲಿದೆ. ಹೋದ ವಾರ ಗುಜರಿಯವನು ಬಂದು ಅದರೊಳಗಿನ ತಾಮ್ರದ ತೂಕ ಅಂದಾಜು ಮಾಡಿ ಹೋದ. ಅದೇ ಸಂಜೆ ನಾನು ಅದಕ್ಕೊಂದು ಹೊಸ ಟೈಮರ್ ಬೇಕೆಂದು ಸ್ಟೋರಿಗೆ ಚೀಟಿ ಬರೆದು ಕೊಟ್ಟೆ.