ಬಸುರಿನಲ್ಲಿ ಫ್ಲೂ ಲಸಿಕೆ: ಹಾಕಿಸಿಕೊಂಡರೆ, ಬಿಟ್ಟರೆ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಶೀತಜ್ವರದ ಕಾಟವೂ ಶುರುವಾಗುತ್ತದೆ. ಲಸಿಕೆಯ ರಕ್ಷಣೆ ಮೈಗೂಡಲು ಸುಮಾರು 2 ವಾರ ಬೇಕಾಗುವುದರಿಂದ, ಗರ್ಭಿಣಿಯರು ಅದಕ್ಕೆ ಮೊದಲೇ ನಿರ್ಧರಿಸುವುದು ಒಳ್ಳೆಯದು.

ಹಾಕಿಸಿಕೊಂಡರೆ ತೋಳುನೋವು, ಮೈಕೈ ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಗರ್ಭಿಣಿಯರಿಗೆ ಕೊಡುವುದು ನಿಷ್ಕ್ರಿಯಗೊಳಿಸಿದ ವೈರಾಣುವಿನ ಚುಚ್ಚುಮದ್ದಾದ್ದರಿಂದ ಅದರಿಂದ ಫ್ಲೂ ಬರುವುದಿಲ್ಲ. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆಯನ್ನು ಅವರಿಗೆ ಕೊಡುವುದಿಲ್ಲ. ಧನುರ್ವಾಯು ಲಸಿಕೆ ಉಚಿತ, ಇದು ಹಾಗಲ್ಲ; ಸಾಮಾನ್ಯವಾಗಿ ಕೈಯಿಂದಲೇ ಹಣ ಕೊಡಬೇಕಾಗುತ್ತದೆ.

ಬಿಟ್ಟರೆ ಆ ನೋವೂ ಖರ್ಚೂ ಇಲ್ಲ, ಎಷ್ಟೋ ಮಂದಿಗೆ ಮಳೆಗಾಲ ಸುಖವಾಗಿಯೇ ಕಳೆಯುತ್ತದೆ. ಆದರೆ ಬಸುರಿನಲ್ಲಿ ಶ್ವಾಸಕೋಶ, ಹೃದಯ ಮತ್ತು ರೋಗನಿರೋಧಕ ಶಕ್ತಿಯಲ್ಲಾಗುವ ಬದಲಾವಣೆಗಳಿಂದ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು. 2009ರ ಎಚ್‌1ಎನ್‌1 ಹಾವಳಿಯಲ್ಲಿ ಇದು ಸ್ಪಷ್ಟವಾಗಿ ಕಂಡುಬಂತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಲಸಿಕೆಗೆ ಗರ್ಭಿಣಿಯರನ್ನೇ ಮೊದಲ ಆದ್ಯತೆಯಲ್ಲಿ ಇರಿಸಿತು.

ನನ್ನ ಮಟ್ಟಿಗೆ ತಕ್ಕಡಿ ವಾಲುವುದು ಮಗುವಿನ ಕಾರಣಕ್ಕೆ. 6 ತಿಂಗಳು ತುಂಬುವ ತನಕ ಮಗುವಿಗೆ ಫ್ಲೂ ಲಸಿಕೆ ಕೊಡಲಾಗದು, ತೊಟ್ಟಿಲ ಶಾಸ್ತ್ರಕ್ಕೆ ಬರುವ ನೆಂಟರನ್ನು ತಡೆಯುವುದೂ ಕಷ್ಟ. ಲಸಿಕೆಯಿಂದ ತಾಯಿಯಲ್ಲಿ ಹುಟ್ಟಿ ಹೊಕ್ಕುಳಬಳ್ಳಿಯ ಮೂಲಕ ಬಂದ, ರೋಗದೊಡನೆ ಹೋರಾಡುವ ಪ್ರತಿಕಾಯಗಳೇ ಆಗ ಅದಕ್ಕೆ ಆಸರೆ. ಬಸುರಿನಲ್ಲಿ ಸೂಜಿಮದ್ದು ಬೇಡವೆನ್ನುವ ಹಿರಿಯರಿಗೆ ಇದನ್ನು ಸಮಾಧಾನದಿಂದ ತಿಳಿಸಬೇಕು. ಹಿಂದೆ ಯಾವುದೇ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದರೆ ಅಥವಾ ಈಗ ಜ್ವರವಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.