ಮಣಿಸರಕ್ಕೆ ಯಾವ ಎಳೆ? ಎಲಾಸ್ಟಿಕ್, ತಂಗೂಸಿ, ನೈಲಾನ್ ದಾರ, ಗೇರ್ ವೈರ್: ಕರಾವಳಿಯ ಹವೆಗೆ ಒಂದು ಹೋಲಿಕೆ

ಮನೆಯಲ್ಲಿ ಮಣಿಸರ ಮಾಡಲು ಹೊರಟವರು ಮೊದಲು ದುಡ್ಡು ಸುರಿಯುವುದು ಮಣಿಗೆ. ಆದರೆ ಗಾಜಿನ ಮಣಿ ಕೆಡುವುದು ಅಪರೂಪ. ಕೆಡುವುದು ಒಳಗಿನ ಎಳೆ ಮತ್ತು ಹಿಂದಿನ ಕೊಂಡಿ. ಕಾರವಾರದ ಉಪ್ಪುಗಾಳಿ, ಬೆವರು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಸೇರಿದರೆ ಇನ್ನೂ ಬೇಗ. ಹಾಗಾಗಿ ಇಲ್ಲಿ ಹೋಲಿಸಿರುವುದು ಪೋಣಿಸುವ ನಾಲ್ಕು ಎಳೆಗಳನ್ನು. ಮಾದರಿ ಒಂದೇ: 45 ಸೆಂ.ಮೀ. ಸರ, 6 ಮಿ.ಮೀ. ಗಾಜಿನ ಮಣಿ. ಕೊಂಡಿಗೆ ಎರಡೂವರೆ ಸೆಂ.ಮೀ. ಬಿಟ್ಟರೆ ಸುಮಾರು 70 ಮಣಿ ಹಿಡಿಯುತ್ತದೆ.

ಎಲಾಸ್ಟಿಕ್

ಸೂಜಿ ಬೇಡ, ಕೊಂಡಿ ಬೇಡ, ಇಕ್ಕಳ ಬೇಡ. ಅದಕ್ಕೇ ಎಲ್ಲರೂ ಇದರಿಂದ ಶುರುಮಾಡುತ್ತಾರೆ. ಸರಕ್ಕಂತೂ ಇದು ನಾಲಾಯಕ್ಕು: ಮಣಿಯ ಭಾರಕ್ಕೆ ಜೋತುಬಿದ್ದು ಮಣಿಗಳ ನಡುವೆ ಎಳೆ ಇಣುಕತೊಡಗುತ್ತದೆ. ಬ್ರೇಸ್ಲೆಟ್‌ಗೆ ಸರಿ. 6ರಿಂದ 8 ಮಿ.ಮೀ. ಮಣಿಗೆ 0.8 ಮಿ.ಮೀ. ದಪ್ಪದ್ದು ತನ್ನಿ. ಪೋಣಿಸುವ ಮೊದಲು ಎರಡೂ ಕೈಯಲ್ಲಿ ಹಿಡಿದು ನಾಲ್ಕಾರು ಸಲ ಚೆನ್ನಾಗಿ ಎಳೆದು ಬಿಡಿ. ಹೀಗೆ ಎಳೆಯದಿದ್ದರೆ ಹಾಕಿಕೊಂಡ ಮೇಲೆ ಅದು ಹಿಗ್ಗುತ್ತದೆ.

ಅಳತೆ ತಪ್ಪುವುದು ಇಲ್ಲೇ ಹೆಚ್ಚು. ಮಣಿ ದಪ್ಪವಾದಷ್ಟೂ ಒಳಸುತ್ತು ಕಡಿಮೆಯಾಗುತ್ತದೆ. ಮಣಿಯ ದಪ್ಪದ ಮೂರೂ ಚಿಲ್ಲರೆ ಪಟ್ಟನ್ನು ಮಣಿಕಟ್ಟಿನ ಸುತ್ತಳತೆಗೆ ಕೂಡಿಸಿಕೊಳ್ಳಬೇಕು. 16 ಸೆಂ.ಮೀ. ಮಣಿಕಟ್ಟಿಗೆ 6 ಮಿ.ಮೀ. ಮಣಿಯಾದರೆ 30, 8 ಮಿ.ಮೀ. ಮಣಿಯಾದರೆ 23. ಗಂಟು ಹಾಕುವಾಗ ಮೊದಲ ಅರ್ಧದಲ್ಲಿ ತುದಿಯನ್ನು ಒಂದರ ಬದಲು ಎರಡು ಸಲ ಸುತ್ತಿ ಬಿಗಿದು, ಅದರ ಮೇಲೆ ಇನ್ನೊಂದು ಗಂಟು ಹಾಕಿ. ತೂತು ದೊಡ್ಡದಿರುವ ಒಂದು ಮಣಿಯನ್ನು ಕೊನೆಗೆ ಇಟ್ಟುಕೊಂಡರೆ ಗಂಟು ಅದರೊಳಗೆ ಅಡಗುತ್ತದೆ. ಗಂಟಿಗೆ ಬಟ್ಟೆಗೆ ಹಚ್ಚುವ ಅಂಟು ಸಾಕು. ತಕ್ಷಣ ಹಿಡಿಯುವ ಗಟ್ಟಿ ಅಂಟು ಎಳೆಯನ್ನು ಕಡ್ಡಿಯಂತೆ ಸೆಟೆಸುತ್ತದೆ, ಸೆಟೆದಲ್ಲೇ ಅದು ತುಂಡಾಗುತ್ತದೆ.

ತಂಗೂಸಿ

ಗಾಳಕ್ಕೆ ಕಟ್ಟುವ ನೈಲಾನ್ ಎಳೆ. ಕರಾವಳಿಯಲ್ಲಿ ಕೈಗೆ ಸುಲಭಕ್ಕೆ ಸಿಗುವುದು ಇದೇ. ಕಾರವಾರದ ಬೈತಖೋಲದಲ್ಲಾಗಲಿ ಅಂಕೋಲೆಯಲ್ಲಾಗಲಿ ಗಾಳದ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಸಾಕು. 0.30 ಮಿ.ಮೀ. ತಂಗೂಸಿಯ ತುದಿ ತಾನೇ ಸೂಜಿಯ ಕೆಲಸ ಮಾಡುತ್ತದೆ, ಬಣ್ಣವಿಲ್ಲದ ಗಾಜಿನಲ್ಲಿ ಎಳೆ ಕಾಣುವುದೂ ಇಲ್ಲ. ನೀರಿಗೆ ಕೊಳೆಯುವುದಿಲ್ಲ.

ತೊಂದರೆ ಗಂಟಿನದ್ದು. ನುಣ್ಣಗಿನ ಒಂಟಿ ಎಳೆಯಾದ್ದರಿಂದ ಮಾಮೂಲಿ ಗಂಟು ಜಾರಿಯೇ ಜಾರುತ್ತದೆ. ಗಾಳಕ್ಕೆ ಕೊಕ್ಕೆ ಕಟ್ಟುವ ಗಂಟೇ ಇಲ್ಲಿಗೂ ಸರಿ. ಕೊಂಡಿಯ ರಿಂಗಿನೊಳಗೆ ತುದಿ ತೂರಿಸಿ, ಮೂಲ ಎಳೆಗೆ ಐದು ಸುತ್ತು ಹಾಕಿ, ರಿಂಗಿನ ಪಕ್ಕದ ಸಣ್ಣ ಕುಣಿಕೆಯಲ್ಲಿ ತುದಿ ಹಾಯಿಸಿ, ಒದ್ದೆ ಮಾಡಿ ನಿಧಾನ ಎಳೆಯಿರಿ. ಒಣಗಿದ್ದಾಗ ಎಳೆದರೆ ತಿಕ್ಕಾಟದ ಬಿಸಿಗೆ ನೈಲಾನ್ ಅಲ್ಲೇ ಸೊರಗುತ್ತದೆ. ಮೀನಿಗೆ ಹೋಗುವವರು ಮನೆಯಲ್ಲಿದ್ದರೆ ಅವರ ಕೈಲೇ ಕಟ್ಟಿಸಿ, ನಮಗಿಂತ ಚೆನ್ನಾಗಿ ಕಟ್ಟುತ್ತಾರೆ. ಆದರೆ ಎರಡನೇ ತುದಿಯಲ್ಲಿ ಸುತ್ತು ಹಾಕಲು ಸುಮಾರು ಒಂದು ಸೆಂ.ಮೀ. ಜಾಗ ಬೇಕು, ಅಷ್ಟು ಜಾಗ ಬರಿದಾಗಿ ಕಾಣುತ್ತದೆ. ಸುರುಳಿಯಲ್ಲಿದ್ದ ಬಾಗು ಕೂಡ ಹೋಗುವುದಿಲ್ಲ, ಸರ ಎದೆಯ ಮೇಲೆ ಇಳಿಯದೆ ಎದ್ದು ನಿಲ್ಲುತ್ತದೆ. ಬಿಸಿಲು ತಿಂದಷ್ಟೂ ತಂಗೂಸಿ ಪೆಡಸಾಗುತ್ತದೆ. ವಿನ್ಯಾಸ ಹೇಗೆ ಕಾಣುತ್ತದೆಂದು ಪೋಣಿಸಿ ನೋಡಲು ಒಳ್ಳೆಯದು, ಕೊಡುವ ಸರಕ್ಕೆ ಬೇಡ.

ನೈಲಾನ್ ದಾರ

ಇದು ಹಲವು ನವಿರು ಎಳೆಗಳನ್ನು ಹೊಸೆದದ್ದು. ಹತ್ತಿ ದಾರದ ಜಾಗಕ್ಕೆ ಇದನ್ನೇ ಹಾಕಬೇಕು. ಹತ್ತಿ ಬೆವರು ಹೀರಿ ಒಣಗುವುದಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿದು ಒಳಗಿಂದೊಳಗೇ ಕೊಳೆಯುತ್ತದೆ. ಸ್ನಾನಕ್ಕೂ ತೆಗೆಯದ ಕರಿಮಣಿಯಂಥ ಸರ ಹತ್ತಿಯಲ್ಲಿದ್ದರೆ ತುಂಡಾಗುವುದು ಯಾವತ್ತೆಂಬುದಷ್ಟೇ ಪ್ರಶ್ನೆ.

ಮಾದರಿ ಸರಕ್ಕೆ 150 ಸೆಂ.ಮೀ. ದಾರ ಕತ್ತರಿಸಿ, ಮಡಚಿ ಜೋಡಿ ಎಳೆ ಮಾಡಿಕೊಳ್ಳಿ. ಮೊದಲು ಮೇಣ ತಿಕ್ಕಿ. ಶಿರಸಿ ಕಡೆ ಜೇನು ಸಾಕುವವರಲ್ಲಿ ಸಿಗುವ ಜೇನುಮೇಣ ಉತ್ತಮ. ಮೇಣದಬತ್ತಿ ತಿಕ್ಕಿದರೆ ಅದು ಪುಡಿಯಾಗಿ ಉದುರಿ ತೂತಿನಲ್ಲಿ ಕೂರುತ್ತದೆ. ನೈಲಾನ್ ಹಿಗ್ಗುತ್ತದೆ, ಆದ್ದರಿಂದ ಕೊನೆಯ ಗಂಟಿಗೆ ಮೊದಲು ಪೋಣಿಸಿದ ಸರವನ್ನು ಒಂದು ರಾತ್ರಿ ಮೊಳೆಗೆ ನೇತುಹಾಕಿ, ಬೆಳಿಗ್ಗೆ ಸಡಿಲ ಎಳೆದುಕೊಂಡು ಗಂಟು ಬಿಗಿಯಿರಿ. ಉಳಿದ ತುದಿಗೆ ಊದುಬತ್ತಿಯ ಕೆಂಡ ತಾಗಿಸಿದರೆ ಕರಗಿ ಪುಟ್ಟ ಗುಂಡಾಗುತ್ತದೆ. ಕೆಂಡ ಗಂಟಿಗೆ ತಾಗಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ.

ಬೆಲೆಬಾಳುವ ಮಣಿಯಾದರೆ ಪ್ರತಿ ಮಣಿಯ ಪಕ್ಕ ಒಂದು ಗಂಟು. ಗಂಟಿನ ಕುಣಿಕೆಯೊಳಗೆ ಸೂಜಿ ಇಟ್ಟು ಅದನ್ನು ಮಣಿಯವರೆಗೆ ನೂಕಿ, ಸೂಜಿ ಎಳೆದುಕೊಳ್ಳಿ. ಗಂಟೂ ಜಾಗ ತಿನ್ನುವುದರಿಂದ 70ರ ಬದಲು 62 ಮಣಿ ಸಾಕು. ದಾರ ಮಾತ್ರ ಇನ್ನೂ ಉದ್ದ ಬೇಕು. ಹೀಗೆ ಕಟ್ಟಿದ ಸರ ಹರಿದರೆ ಕೆಳಗೆ ಬೀಳುವುದು ಒಂದೇ ಮಣಿ.

ಈ ದಾರಕ್ಕೆ ಶತ್ರು ಮಣಿಯ ತೂತಿನ ಚೂಪು ಅಂಚು. ಕೊಳವೆ ಮಣಿ ಮತ್ತು ಮೂಲೆ ಕತ್ತರಿಸಿದ ಹರಳುಮಣಿಗಳು ದಾರವನ್ನು ನಿಧಾನಕ್ಕೆ ಕೊಯ್ಯುತ್ತವೆ. ಅಂಥ ಮಣಿಯ ಎರಡೂ ಬದಿಗೆ ಒಂದೊಂದು ಪುಟ್ಟ ಗುಂಡುಮಣಿ ಹಾಕಿದರೆ ತಪ್ಪುತ್ತದೆ.

ಅಂಕೋಲೆ, ಕುಮಟೆಯ ಹಾಲಕ್ಕಿ ಹೆಂಗಸರ ಕೊರಳು ತುಂಬುವ ಮಣಿಸರಗಳನ್ನು ನೋಡಿ ಅಂಥ ಹಲವೆಳೆ ಸರ ಕಟ್ಟಲು ಹೊರಡುವವರಿಗೂ ನೈಲಾನ್ ದಾರವೇ ಗತಿ. 11/0 ಸಂಖ್ಯೆಯ ಪುಟ್ಟ ಮಣಿ ಸುಮಾರು 2 ಮಿ.ಮೀ. ದಪ್ಪ ಇರುತ್ತದೆ, ಪೋಣಿಸಿದಾಗ ಎಳೆಯುದ್ದಕ್ಕೆ ಹಿಡಿಯುವ ಜಾಗ ಅದಕ್ಕಿಂತ ಕಡಿಮೆ, ಗ್ರಾಂಗೆ ಸುಮಾರು 110 ಬರುತ್ತದೆ. 45 ಸೆಂ.ಮೀ. ಎಳೆಗೆ 320ರ ಆಸುಪಾಸು, ಅಂದರೆ ಬರೀ 3 ಗ್ರಾಂ. ಇಪ್ಪತ್ತು ಎಳೆಗೆ 60 ಗ್ರಾಂ, ಆರು ಸಾವಿರಕ್ಕೂ ಹೆಚ್ಚು ಮಣಿ. ಇಷ್ಟು ಎಳೆಗಳಿಗೆ ವೈರ್ ಹಾಕಿದರೆ ಪೊರಕೆಯ ಹಾಗೆ ಸೆಟೆದು ನಿಲ್ಲುತ್ತದೆ. ದಾರವಾದರೆ ಮೈಗೆ ಒರಗುತ್ತದೆ. ಸೂಜಿ 10 ಅಥವಾ 12ನೇ ನಂಬರಿನದು, ಮಣಿಗೆಂದೇ ಮಾಡಿದ್ದು ಬೇಕು. ಹೊಲಿಗೆ ಸೂಜಿಯ ಕಣ್ಣಿನ ಉಬ್ಬು ಸಣ್ಣ ತೂತಿಗೆ ಸಿಕ್ಕಿಕೊಂಡು ಮಣಿಯನ್ನೇ ಒಡೆಯುತ್ತದೆ.

ಗೇರ್ ವೈರ್

ನವಿರು ಉಕ್ಕಿನ ತಂತಿಗಳನ್ನು ಹೊಸೆದು ಮೇಲೆ ನೈಲಾನ್ ಹೊದಿಸಿದ್ದು. 7 ಎಳೆಯದು ಅಗ್ಗ. ಆದರೆ ಒಮ್ಮೆ ಮಡಚಿಕೊಂಡರೆ ಆ ಮುರುಕು ಹೋಗುವುದಿಲ್ಲ. 19 ಅಥವಾ 49 ಎಳೆಯದು ಸಿಕ್ಕರೆ ಬಿಡಬೇಡಿ. ನಮ್ಮ ಮಾದರಿ ಸರಕ್ಕೆ ಗೆದ್ದದ್ದು ಇದೇ: ಹಿಗ್ಗಲಿಲ್ಲ, ಚೂಪು ಅಂಚಿಗೆ ಹೆದರಲಿಲ್ಲ, ಬೆವರಿಗೆ ಕೊಳೆಯಲಿಲ್ಲ.

0.38 ಮಿ.ಮೀ. ವೈರ್ 60 ಸೆಂ.ಮೀ., 2 ಮಿ.ಮೀ. ಗೇರ್ ಲಾಕ್ (ಒತ್ತಿದರೆ ಚಪ್ಪಟೆಯಾಗಿ ವೈರ್ ಹಿಡಿಯುವ ಪುಟ್ಟ ಲೋಹದ ಮಣಿ) ಎರಡು. ಈ ವೈರಿಗೆ ಗಂಟು ನಿಲ್ಲದು, ಲಾಕ್ ಒತ್ತಿಯೇ ಹಿಡಿಸಬೇಕು. ವೈರನ್ನು ಲಾಕಿನೊಳಗೆ, ಕೊಂಡಿಯ ರಿಂಗಿನೊಳಗೆ ಹಾಯಿಸಿ ಮತ್ತೆ ಲಾಕಿನೊಳಗೇ ಹಿಂದಕ್ಕೆ ತನ್ನಿ. ಒಳಗೆ ಎರಡೂ ಎಳೆ ಅಕ್ಕಪಕ್ಕ ಇರಬೇಕು. ಒಂದರ ಮೇಲೊಂದು ಹತ್ತಿದ್ದರೆ ಒತ್ತಿದಾಗ ಮೇಲಿನದ್ದು ಕೆಳಗಿನದ್ದನ್ನು ಕತ್ತರಿಸುತ್ತದೆ. ಚಪ್ಪಟೆ ಮೂತಿಯ ಇಕ್ಕಳದಲ್ಲಿ ಒತ್ತಿ, ವೈರ್ ಎಳೆದು ನೋಡಿ. ಜಾರಿದರೆ ಲಾಕ್ ತೆಗೆದು ಹೊಸದು ಹಾಕಿ. ಒತ್ತಿದ ಲಾಕನ್ನೇ ಇನ್ನೊಮ್ಮೆ ಜೋರಾಗಿ ಒತ್ತಿದರೆ ಅದು ಬಿರಿಯುತ್ತದೆ. ಮಿಕ್ಕ ಬಾಲವನ್ನು ಎರಡು ಮೂರು ಸೆಂ.ಮೀ. ಮಣಿಗಳೊಳಗೆ ಹಾಯಿಸಿ ಕತ್ತರಿಸಿ.

ಹೊಸಬರು ಮಣಿಗಳನ್ನು ಒತ್ತಿ ಒತ್ತಿ ಬಿಗಿಯುತ್ತಾರೆ. ಹಾಗೆ ಮಾಡಿದರೆ ಸರ ಕಂಬಿಯಾಗುತ್ತದೆ, ಬಾಗಿದಾಗಲೆಲ್ಲ ಲಾಕಿನ ಬಾಯಲ್ಲಿ ವೈರ್ ತಿಕ್ಕಿ ಹೊದಿಕೆ ಹರಿಯುತ್ತದೆ. ಕೊನೆಯ ಲಾಕ್ ಒತ್ತುವ ಮುನ್ನ ಎರಡು ಮೂರು ಮಿ.ಮೀ. ಸಡಿಲ ಬಿಡಿ.

ಕೊಂಡಿ

ವೈರ್ ಎಷ್ಟೇ ಗಟ್ಟಿಯಿದ್ದರೂ ಕೊಂಡಿ ಕಬ್ಬಿಣದ್ದಾದರೆ ಮೊದಲ ಮಳೆಗಾಲದಲ್ಲೇ ಕುತ್ತಿಗೆಯ ಹಿಂದೆ ತುಕ್ಕಿನ ಕಲೆ. ಅಂಗಡಿಗೆ ಸಣ್ಣ ಅಯಸ್ಕಾಂತ ಒಯ್ಯಿರಿ: ಬೆಳ್ಳಿ ಬಣ್ಣದ ಕೊಂಡಿ ಗಟ್ಟಿಯಾಗಿ ಅಂಟಿದರೆ ಅದು ಲೇಪ ಹಾಕಿದ ಕಬ್ಬಿಣ. ಹಿತ್ತಾಳೆ ತುಕ್ಕು ಹಿಡಿಯದು, ಆದರೆ ಬೆವರಿಗೆ ಹಸಿರು ಕಿಲುಬು ಬರುತ್ತದೆ. ಆಗಾಗ ಒರೆಸುವ ತಾಳ್ಮೆ ಇದ್ದವರಿಗೆ ಅಡ್ಡಿಯಿಲ್ಲ. ಕಡಲಂಚಿನವರಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಕೊಂಡಿಗೆ ಹಾಕುವ ಸಣ್ಣ ರಿಂಗನ್ನು ಹಿಗ್ಗಿಸಿ ತೆರೆಯಬೇಡಿ. ಎರಡು ಇಕ್ಕಳದಲ್ಲಿ ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ, ಮುಚ್ಚುವಾಗಲೂ ಹಾಗೇ ತಿರುಚಿ. ಹಿಗ್ಗಿಸಿದ ರಿಂಗ್ ಮತ್ತೆ ಸರಿಯಾಗಿ ಕೂಡುವುದಿಲ್ಲ, ಸಂದಿನಿಂದ ದಾರ ಜಾರುತ್ತದೆ.

ಇನ್ನು ಮಣಿ. ಮಾರಿಕಾಂಬಾ ಜಾತ್ರೆಯ ಅಂಗಡಿಯಿಂದ ತಂದದ್ದಿರಲಿ, ಆನ್‌ಲೈನ್‌ನಲ್ಲಿ ತರಿಸಿದ್ದಿರಲಿ, ನಾಲ್ಕೈದು ಮಣಿಯನ್ನು ಉಪ್ಪುನೀರಲ್ಲಿ ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತಿಕ್ಕಿ ನೋಡಿ. ಬಣ್ಣ ಬಿಟ್ಟರೆ ಆ ಮಣಿ ಕಿವಿಗೆ ನೇತಾಡುವ ಓಲೆಗೆ ಇರಲಿ, ಕೊರಳಿಗೆ ಬೇಡ.